ಎದೆಗೆ ಆನಿಸಿದ ಪಾಟಿ

ನಾನು ಒಂದು ಕಲ್ಲಿನ ಪಾಟಿ. ಕೆಲವರು ಸ್ಲೇಟು ಅನ್ನುತ್ತಾರೆ. ಬೆಟ್ಟದ ಕರಿಗಲ್ಲನ್ನು ತೆಳ್ಳಗೆ ಸೀಳಿ, ಉಜ್ಜಿ, ಸುತ್ತ ಮರದ ಚೌಕಟ್ಟು ಬಡಿದಾಗ ನನಗೆ ಈ ರೂಪ ಬಂತು. ಗದಗಿನ ಅಂಗಡಿಯಿಂದ ನನ್ನನ್ನು ಕೊಂಡವನು ನೀಲವ್ವನ ಅಪ್ಪ. ನೀಲವ್ವ ಮೂರನೆಯ ಇಯತ್ತೆಗೇ ಶಾಲೆ ಬಿಟ್ಟಳು. ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ನಾನು ಹಿಟ್ಟಿನ ಡಬ್ಬಿಯ ಮುಚ್ಚಳವಾದೆ, ಅವಳ ಗಂಡನ ಮನೆಗೂ ಮುಚ್ಚಳವಾಗಿಯೇ ಬಂದೆ. ದೂರುವುದಿಲ್ಲ, ಮುಚ್ಚಳಕ್ಕೂ ಒಂದು ಮರ್ಯಾದೆ ಇದೆ.

ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಮಗಳು ಮಧುಮತಿ ಆಗ ಹತ್ತನೆಯ ತರಗತಿ. ನರ್ಸ್ ಆಗುವ ಆಸೆ, ಆದರೆ ವಿಜ್ಞಾನ ಅಂದರೆ ಹೆದರಿಕೆ. ಓದದ ಹುಡುಗಿಯೇನಲ್ಲ. ಪುಸ್ತಕದ ಸಾಲುಸಾಲಿಗೂ ಹಳದಿ ಬಣ್ಣ ಬಳಿದಿದ್ದಳು. ಬಳಿಯದೆ ಉಳಿದದ್ದೇ ಎದ್ದು ಕಾಣುತ್ತಿತ್ತು. ಉತ್ತರಗಳನ್ನು ಮಂತ್ರದ ಹಾಗೆ ಉರು ಹೊಡೆಯುತ್ತಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೊದಲ ಸಾಲು ನೆನಪಾಗಲಿಲ್ಲ, ಅದರ ಹಿಂದೆಯೇ ಇಡೀ ಉತ್ತರ ಕೈಕೊಟ್ಟಿತು. ವಿಜ್ಞಾನದಲ್ಲಿ ಫೇಲು. ಮುಖ್ಯ ಪರೀಕ್ಷೆಯಲ್ಲೂ ಹೀಗಾದರೆ ತನ್ನ ಹಾಗೆ ಮಗಳೂ ಒಲೆಯ ಮುಂದೆ ಕೂರಬೇಕಲ್ಲ ಎಂಬ ಚಿಂತೆ ನೀಲವ್ವನಿಗೆ ಹತ್ತಿತು.

ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರಿ, ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಹುಡುಕು, ಕೆಲವು ದಿನ ಬಿಟ್ಟು ಮತ್ತೆ ಬರಿ, ಯಾರಿಗಾದರೂ ತಿಳಿಯುವಂತೆ ಹೇಳು ಎಂದರಂತೆ ವಿಜ್ಞಾನದ ಟೀಚರು. ಬರೆದು ಅಳಿಸಲು ನನಗಿಂತ ಬೇರೆ ಯಾರು ಬೇಕು? ಮಧುಮತಿ ನನ್ನನ್ನು ಡಬ್ಬಿಯ ಮೇಲಿಂದ ಎತ್ತಿ ತೊಳೆದಳು. ಎಷ್ಟೋ ವರ್ಷಗಳ ಮೇಲೆ ಬಳಪ ಮೈಗೆ ತಾಗಿ ಜೀವ ಬಂದಂತಾಯಿತು.

ಕೇಳುವವಳು ನೀಲವ್ವ. ರೊಟ್ಟಿ ಬಡಿಯುತ್ತಲೇ ಹೂಂಗುಟ್ಟುತ್ತಿದ್ದಳು. ಒಂದು ಸಂಜೆ ಮಗಳು ನನ್ನ ಮೇಲೆ ಹೃದಯ ಬರೆದು, ಎಡ ಹೃತ್ಕುಕ್ಷಿ ಎಂದು ಬಲಗಡೆ ತೋರಿಸಿದಳು. ನೀಲವ್ವನ ಕೈ ನಿಂತಿತು.

“ಎಡಕ ಅಂತಿ, ಬಲಕ್ಕ ಬರದೀಯಲ್ಲ. ಯಾಕ?”

ಪುಸ್ತಕದಲ್ಲಿ ಹಾಗೇ ಇದೆ ಎಂದು ಮಗಳು ರೇಗಿದಳು. ಮರುದಿನ ಟೀಚರನ್ನು ಕೇಳಿ ಬಂದವಳೇ ನನ್ನನ್ನು ಎದೆಗೆ ಆನಿಸಿ, ಚಿತ್ರ ಅವ್ವನ ಕಡೆ ಮಾಡಿ ನಿಂತಳು.

“ನೋಡವ್ವಾ, ಚಿತ್ರದಾಗಿನ ಮನಷ್ಯಾ ನಮ್ಮ ಕಡೆ ಮಾರಿ ಮಾಡಿ ನಿಂತಾನ. ಅವನ ಎಡ ನಮಗ ಬಲ.”

ನನ್ನ ಬೆನ್ನಿಗೆ ಅವಳ ಹೃದಯ ಬಡಿಯುವುದು ಕೇಳಿಸುತ್ತಿತ್ತು. ನಾನು ಪುಣ್ಯವಂತ ಪಾಟಿ.

ಅಂದಿನಿಂದ ಅವ್ವನ ಒಂದು ‘ಯಾಕ’ ಇಲ್ಲದೆ ಪಾಠ ಮುಗಿಯುತ್ತಿರಲಿಲ್ಲ. ಬೆಳಕು, ಆಮ್ಲ, ವಿದ್ಯುತ್ ಎಲ್ಲ ನನ್ನ ಮೇಲೆ ಹತ್ತಿ ಇಳಿದವು. ತಪ್ಪಿದ್ದನ್ನು ಮಾತ್ರ ಮಗಳು ಮತ್ತೆ ಮತ್ತೆ ಬರೆದಳು. ಪರೀಕ್ಷೆಯಲ್ಲಿ ಮಧುಮತಿ ಅವ್ವನಿಗೆ ಹೇಳಿದ ಹಾಗೆಯೇ ಬರೆದಳಂತೆ. ಪಾಸಾದ ಸುದ್ದಿ ಬಂದಾಗ ನೀಲವ್ವ ಹಿಟ್ಟಿನ ಕೈಯಿಂದಲೇ ಮಗಳ ಕೆನ್ನೆ ಸವರಿದಳು.

ಈಗ ಮಧುಮತಿ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನನ್ನ ಒಂದು ಮೂಲೆ ಒಡೆದಿದೆ, ಗೋಡೆಯ ಗೂಡಿನಲ್ಲಿ ಆರಾಮಾಗಿದ್ದೇನೆ. ಮಗಳು ಹೋಗುವಾಗ ಬರೆದಿಟ್ಟ ಹೃದಯ ದಿನೇ ದಿನೇ ಮಾಸುತ್ತಿತ್ತು. ಮೊನ್ನೆ ನೀಲವ್ವ ಒದ್ದೆ ಬಟ್ಟೆಯಿಂದ ಅದನ್ನು ಪೂರ್ತಿ ಒರೆಸಿದಳು. ನನಗೆ ಸಂಕಟವಾಯಿತು. ಆದರೆ ಅವಳು ಬಳಪ ಹುಡುಕಿ ತಂದಳು. ಕೆಟ್ಟ ರಕ್ತ ಇಲ್ಲಿಂದ ಬರುತ್ತದೆ, ಇಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಇಡೀ ಹೃದಯವನ್ನು ಹೊಸದಾಗಿ ಬರೆದಳು. ನೋಡಿ ಬರೆಯಲು ಮನೆಯಲ್ಲಿ ಪುಸ್ತಕವೇ ಇರಲಿಲ್ಲ.