ಎಲೆಕ್ಟ್ರಾನಿನ ಹೊಲಕ್ಕೆ ಮುಯ್ಯಾಳು

ನನ್ನ ಪಿಎಚ್‌ಡಿ ಉಳಿಸಿದವನ ಮುಖವನ್ನೇ ನಾನು ನೋಡಿಲ್ಲ. ನಾನು ಮುಬೀನಾ; ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತ, ಎಲೆಕ್ಟ್ರಾನುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ನನ್ನ ಎಲೆಕ್ಟ್ರಾನುಗಳು ಒಂದೇ ಕೌದಿಯಲ್ಲಿ ಮಲಗಿದವರಂತೆ: ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರಿಗೂ ಎಚ್ಚರ. ಬಿಡಿಬಿಡಿಯಾಗಿ ಲೆಕ್ಕ ಮಾಡಲಾಗದು. ಅದಕ್ಕೊಂದು ಸಾಫ್ಟ್‌ವೇರ್ ಇದೆ. ಹಲವು ದೇಶದವರು ಸೇರಿ ಬರೆದು, ಕೋಡ್ ಸಮೇತ ಎಲ್ಲರಿಗೂ ಪುಕ್ಕಟೆ ಕೊಟ್ಟದ್ದು.

ಪರಮಾಣುಗಳನ್ನು ಉಂಗುರದಂತೆ ಜೋಡಿಸಿದಾಗ ನನ್ನ ಕೈಲೆಕ್ಕಕ್ಕೂ ಕಂಪ್ಯೂಟರಿಗೂ ತಾಳೆಯೇ ಇಲ್ಲ. ಗೈಡ್ "ಪ್ರಬಂಧದಿಂದ ಆ ಅಧ್ಯಾಯ ಕಿತ್ತುಹಾಕು" ಅಂದರು. ಸಿಟ್ಟಿಗೆ ಮೌಸ್ ಎಸೆದೆ; ಪಾಪ, ಅದರದೇನು ತಪ್ಪು.

ಸಾಫ್ಟ್‌ವೇರಿನ ಪುಟದಲ್ಲಿ ಕೇಳಿದೆ. ಅದನ್ನು ನೋಡಿಕೊಳ್ಳುವ ಯಾವುದೋ ಚಳಿದೇಶದವನು, ಗುರುತಿಲ್ಲ ಪರಿಚಯವಿಲ್ಲ, ಇಡೀ ಲೆಕ್ಕ ಮಾಡಿ ತೋರಿಸಿದ: ಉಂಗುರದ ತುದಿ ಕೂಡಿಸುವಲ್ಲಿ ನಾನೊಂದು ಮೈನಸ್ ಬಿಟ್ಟಿದ್ದೆ. ಹಾಕಿದೆ. ತಾಳೆಯಾಯಿತು. ಅತ್ತುಬಿಟ್ಟೆ.

ನಮ್ಮೂರು ಇಂಗಳೇಶ್ವರಕ್ಕೆ ಹೋದಾಗ ಅಮ್ಮ ಹಜರಾಬಿಗೆ ಹೇಳಿದೆ.

"ಥ್ಯಾಂಕ್ಸ್ ಅಂದೇನಿ, ಅಮ್ಮಾ."

"ಬಾಯಿಮಾತಿಲೇ ಮುಯ್ಯಿ ತೀರತೈತೇನ? ಬಾಜೂ ಹೊಲದ ಶಂಕ್ರೆವ್ವ ನಮ್ಮ ಜ್ವಾಳ ಕೊಯ್ಯಾಕ ಬಂದಳಂದ್ರ, ಅಕಿ ಹೊಲಕ್ಕ ನಾ ಹೋಗ್ಬೇಕು."

"ಆತನ ಹೊಲ ಎಲ್ಲೈತಿ?"

"ಕೇಳು. ಬಾಯಿಲ್ಲೇನ ನಿನಗ?"

"ಏನು ಕೆಲಸವಿದ್ದರೂ ಹೇಳಿ" ಎಂದು ಬರೆದೆ. ನಮ್ಮ ಕಡೆ ಹಾಗಂದರೆ "ಇರ್ಲಿ ಬಿಡ್ರಿ" ಅನ್ನುತ್ತಾರೆ. ಈ ಪುಣ್ಯಾತ್ಮ ನಿಜವಾಗಿಯೂ ಕೆಲಸ ಹೇಳಿದ! ಹೊಸಬರಿಗಾಗಿ ಉಂಗುರದ ಉದಾಹರಣೆ ಬರೆದುಕೊಡಬೇಕಂತೆ. ಬರೆದೆ. ತಪ್ಪು ತೋರಿಸಿ ವಾಪಸ್ ಕಳಿಸಿದ. ಹಲ್ಲು ಕಡಿಯುತ್ತ ಮತ್ತೆ ಬರೆದೆ. ಸಾಫ್ಟ್‌ವೇರಿನ ಜೊತೆಗೆ ಸೇರಿಸಿಕೊಂಡ.

"ಮುಯ್ಯಿ ತೀರಿತು, ಅಮ್ಮಾ."

"ಎಲ್ಲಿದು? ಮತ್ತ ಕರದ್ರ ನೀ ಮುಯ್ಯಾಳು. ಕರೀಲಿಲ್ಲಂದ್ರ ಒಮ್ಮೆ ಬಂದು ಉಂಡು ಹೋದ ಬೀಗತಿ."

ಆ ಮಾತು ನಾಟಿತು. ಅಷ್ಟು ಕೊಟ್ಟವರ ನಡುವೆ ನಾನು ಬರೀ ಉಂಡು ಹೋದವಳಾಗಬಾರದು ಎಂದು ಜೀವ ಒದ್ದಾಡಿತು. ಪಾಠದ ನಡುವೆಯೂ ಆ ಪುಟ ತೆಗೆದು ನೋಡುವಂತಾಯಿತು. ವಾರಗಳು ಕಳೆದರೂ ಸುದ್ದಿಯಿಲ್ಲ. ಅಧ್ಯಾಯವನ್ನು ಗೈಡ್ ಒಪ್ಪಿದ ದಿನವೂ ಖುಷಿ ಅರ್ಧವೇ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಆತನ ಮೆಸೇಜ್ ಬಂತು. "ಉಂಗುರದ ಕೋಡ್ ಬದಲಿಸಿದ್ದೇನೆ. ನನಗೆ ತಪ್ಪು ಕಾಣುತ್ತಿಲ್ಲ, ಆದರೆ ಮುಬೀನಾ ನೋಡದೆ ಇದನ್ನು ಹೊರಗೆ ಬಿಡುವುದಿಲ್ಲ."

ಬಸ್ಸು ಬಂದು ಹೋಯಿತು. ಕಣ್ಣೊರೆಸಿಕೊಂಡು ಅಮ್ಮನಿಗೆ ಫೋನ್ ಮಾಡಿದೆ.

"ಕರದಾನ, ಅಮ್ಮಾ."



"ಮತ್ತ ನಿಂತೀ ಯಾಕ? ಹೋಗು."