ಅಕ್ಕನನ್ನು ಬಿಟ್ಟು ನಡೆದ ದಾರಿ

ಉದ್ಗಾರ ಒಂದು ತಿರುವು ಮೊದಲೇ ಬಾಯಿಂದ ಬಿದ್ದುಬಿಟ್ಟಿತು.

"ಅಬ್ಬಾ! ಎಷ್ಟು ಚೆನ್ನಾಗಿದೆಯಲ್ಲಾ ಅಕ್ಕಾ!" ಎಂದಳು ತಂಗಿ. ಎದುರಿಗೆ ಇದ್ದದ್ದು ಪಾಚಿ ಹಿಡಿದ ಒಂದು ಕಲ್ಲುಗೋಡೆ, ಅದಕ್ಕೆ ಮೈ ಉಜ್ಜುತ್ತಿದ್ದ ಒಂದು ಕತ್ತೆ.

ಅಕ್ಕ ಕೋಲು ಊರಿ ನಿಂತಳು. "ಯಾವುದೇ? ಕತ್ತೆನಾ?"

"ಗೋಡೆ... ಹಳೇ ಕಾಲದ್ದಲ್ವಾ."

"ಬೆಳಗಿಂದ ಅಂಥವು ಎಷ್ಟು ದಾಟಿಲ್ಲ! ಬಿಸಿಲು ನೆತ್ತಿಗೆ ಏರಿದೆ ನಿನಗೆ. ನೀರು ಕುಡಿ."

ಗೋಡೆ ಮುಗಿದು ತಿರುಗಿದಾಗ ನಿಜವಾಗಿ ನೋಡಬೇಕಾದದ್ದು ಕಂಡಿತು: ಇಳಿಜಾರಿನ ಹೊಲಗಳು, ಮಾಡು ಕುಸಿದ ಸುಂಕದ ಕಟ್ಟೆ, ಅದರಾಚೆಗೆ ಕಡಲು. ಅಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ತಂಗಿಯ ಹತ್ತಿರ ಮಾತು ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ಕತ್ತೆಗೆ ಖರ್ಚು ಮಾಡಿಯಾಗಿತ್ತು.

ಕಡಲಿನಿಂದ ಒಳನಾಡಿಗೆ ಉಪ್ಪು ಹೊತ್ತವರು ಸವೆಸಿದ ದಾರಿ ಅದು. ಈಗ ಉಪ್ಪು ಲಾರಿಯಲ್ಲಿ ಹೋಗುತ್ತದೆ. ಇಲ್ಲಿ ನಡೆಯುವವರು ರಜೆ ಹಾಕಿ, ಬೂಟು ಕೊಂಡು, ಬೇಕೆಂದೇ ಬೆವರುವವರು. ಅಕ್ಕತಂಗಿಯರು ಒಳನಾಡಿನ ಕೋಟೆ ಬಾಗಿಲಿನಿಂದ ಶುರುಮಾಡಿ, ವರ್ಷಕ್ಕೆ ಒಂದೊಂದು ತುಂಡು ನಡೆಯುತ್ತ ಬಂದಿದ್ದರು. ಈ ವರ್ಷದ್ದು ಕೊನೆಯ ತುಂಡು. ಅಕ್ಕನದು ಒಂದೇ ಕಟ್ಟುನಿಟ್ಟು: ಮುಂದಿನ ತುಂಡಿನ ಫೋಟೋ ಸಹ ನೋಡಕೂಡದು. "ಮೊದಲೇ ನೋಡೋದಾದರೆ ಕಾಲು ಯಾಕೆ ನೋಯಿಸ್ಕೋಬೇಕು? ಸೋಫಾದ ಮೇಲೆ ಕೂತೇ ನೋಡಬಹುದಲ್ಲ" ಎನ್ನುತ್ತಿದ್ದಳು.

ತಂಗಿ ಫೋಟೋ ನೋಡಿರಲಿಲ್ಲ. ದಾರಿಯನ್ನೇ ನಡೆದು ಮುಗಿಸಿದ್ದಳು.

ಅದು ಹೋದ ವರ್ಷದ ಮಾತು. ಟೈಲರಿಂಗ್ ಅಂಗಡಿಯ ಕಟಿಂಗ್ ಮೇಜಿನ ಮುಂದೆ ನಿಂತೂ ನಿಂತೂ ಸವೆದ ಮಂಡಿಗೆ ಅಕ್ಕ ಆಪರೇಷನ್ ಮಾಡಿಸಿಕೊಂಡಿದ್ದಳು. ವಾರ್ಡಿನಲ್ಲಿ ಕಾಲು ಚಾಚಿ ಮಲಗಿಕೊಂಡು, "ಕೊನೇದನ್ನ ನನ್ನ ಬಿಟ್ಟು ನಡೆದುಬಿಡಬೇಡ ಕಣೇ" ಎಂದಿದ್ದಳು. "ನಿನಗೇನು ಹುಚ್ಚಾ ಅಕ್ಕ?" ಎಂದು ತಂಗಿ ಅವಳ ಹೊದಿಕೆ ಸರಿಮಾಡಿದ್ದಳು. ಆಗ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಆದರೆ ರಜೆ ಮಂಜೂರಾಗಿತ್ತು, ಬೂಟು ಬಾಗಿಲಲ್ಲೇ ಕೂತಿತ್ತು. ಅಕ್ಕನ ನಾದಿನಿ ಬೇರೆ ಬಂದು, "ರಜೆ ಸುಮ್ಮನೆ ಹಾಳಾಗುತ್ತಲ್ಲ, ನಾನು ಬರ್ತೀನಿ ನಡೀರಿ, ಅತ್ತಿಗೆಗೆ ಯಾರು ಹೇಳ್ತಾರೆ" ಎಂದು ಕಿವಿ ಊದಿದಳು. ಅಕ್ಕ ವಾಕರ್ ಹಿಡಿದು ಬಚ್ಚಲಿನವರೆಗೆ ನಡೆಯಲು ಕಲಿಯುತ್ತಿದ್ದ ವಾರವೇ ತಂಗಿ ಈ ಗೋಡೆ ದಾಟಿ ಹೋಗಿದ್ದಳು.

ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಒಂದು ಫೋನ್ ಕರೆ. ದಾರಿ ಮುಗಿಯುವ ಹಳೇ ಬಂದರಿನ ಕಟ್ಟೆಯ ಮೇಲೆ ನಿಂತಿದ್ದಾಗ ಅಕ್ಕನ ಫೋನು ಬಂದಿತ್ತು.

"ಕೆಲಸ ಜಾಸ್ತಿನೇನೇ?"

"ರಾಶಿ ಬಿದ್ದಿದೆ ಅಕ್ಕ."

"ಅದೇನು ಸದ್ದು?"

"ಫ್ಯಾನು."

"ಊಟ ಬಿಟ್ಟು ಕೆಲಸ ಮಾಡಬೇಡ" ಎಂದು ಅಕ್ಕ ಫೋನಿಟ್ಟಿದ್ದಳು.

ತಂಗಿಯ ಕೆಲಸ ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವುದು. ಮೇಣದಲ್ಲಿ ಕೂರಿಸಿ, ಉಜ್ಜಿ, ಹೊಳಪು ಕೊಟ್ಟರೆ ಹೆಂಡತಿಗೂ ಗಂಡನ ಹಲ್ಲು ಸುಳ್ಳೆಂದು ಗೊತ್ತಾಗುತ್ತಿರಲಿಲ್ಲ. ಸ್ವಂತ ಮುಖದ ಮೇಲೆ ಮಾತ್ರ ಆ ಕೈಚಳಕ ನಡೆಯಲಿಲ್ಲ. ಇವತ್ತು ಸುಂಕದ ಕಟ್ಟೆ ತಲುಪಿದ ಕೂಡಲೇ ಕಾಲು ತಾನಾಗಿಯೇ ಹಿಂಬದಿಗೆ ತಿರುಗಿ, ಪೊದೆಯ ಮರೆಯಲ್ಲಿದ್ದ ನಲ್ಲಿಯ ಮುಂದೆ ನಿಂತಿತು.

"ಇಲ್ಲಿ ನಲ್ಲಿ ಇದೆ ಅಂತ ಹೇಗೆ ಗೊತ್ತಾಯ್ತೇ?"

"ವಾಸನೆ... ಒದ್ದೆ ಮಣ್ಣಿನ ವಾಸನೆ."

"ಪೊಲೀಸರು ಸಾಕಬೇಕಿತ್ತು ನಿನ್ನ" ಎಂದು ಅಕ್ಕ ನಕ್ಕು ಬಾಟಲಿ ತುಂಬಿಸಿಕೊಂಡಳು. ಅವಳು ಅನುಮಾನಪಟ್ಟು ಬೈದಿದ್ದರೂ ತಂಗಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದಾರಿ ಕಡಲಂಚಿಗೆ ಇಳಿದು ಎರಡಾಯಿತು. ಒಂದು, ಬಂಡೆ ಕಡಿದು ಮಾಡಿದ ಮೆಟ್ಟಿಲುಗಳ ಸಾಲು, ಗುಡ್ಡದ ನೆತ್ತಿಗೆ. ಇನ್ನೊಂದು, ಅದೇ ಗುಡ್ಡದ ಬುಡ ಸುತ್ತುವ ಅಗಲವಾದ ಮರಳು. ಎಚ್ಚರಿಕೆಯ ಫಲಕ ಇದ್ದ ಕಡೆ ಬರೀ ಕಂಬ ಉಳಿದಿತ್ತು.

"ಮರಳೇ ಸರಿ, ಮಂಡಿಗೆ ಮೆತ್ತಗೆ" ಎಂದು ಅಕ್ಕ ಕೆಳಗಿಳಿದಳು.

"ಬೇಡ ಅಕ್ಕ. ನೀರು ಏರುತ್ತೆ."

"ಇಷ್ಟಗಲ ಮರಳು ಬಿದ್ದಿದೆ, ಎಲ್ಲಿ ಏರುತ್ತೆ?"

"ಬೆಳಿಗ್ಗೆ ಲಾಡ್ಜಿನ ಯಜಮಾನಿ ಹೇಳಿದರು, ಮೆಟ್ಟಿಲಲ್ಲೇ ಹೋಗಿ ಅಂತ."

"ಸುಳ್ಳು ಬೊಗಳಬೇಡ. ಮರಳ ದಾರಿನೇ ಚೆನ್ನ ಅಂತ ನನ್ನೆದುರೇ ಅಂದರು."

"ಆ ಮೂಲೆ ತಿರುಗಿದ ಮೇಲೆ ಮರಳಿಲ್ಲ ಅಕ್ಕ, ಬರೀ ಬಂಡೆ. ನೀರು ಬಂದರೆ ಹಿಂದಕ್ಕೂ ಬರೋಕಾಗಲ್ಲ."

"ಅದೇನು ನೀನು ನೋಡಿಕೊಂಡು ಬಂದವಳ ಥರ!" ಅಕ್ಕ ಹಿಂದಿರುಗಿ ನೋಡದೆ ಹೆಜ್ಜೆ ಹಾಕಿದಳು. ಕೋಲಿನ ಗುರುತುಗಳಲ್ಲಿ ಆಗಲೇ ನೀರು ಒಸರುತ್ತಿತ್ತು. ಹೋದ ವರ್ಷ ಅದೇ ಮೂಲೆಯಲ್ಲಿ ನೀರು ಸೊಂಟಕ್ಕೆ ಬಂದಾಗ ನಾದಿನಿ ಕಿರುಚಿದ್ದು ತಂಗಿಯ ಕಿವಿಯಲ್ಲಿತ್ತು. ನಾದಿನಿಗಾದರೆ ಓಡುವ ಕಾಲುಗಳಿದ್ದವು.

"ನೋಡಿಕೊಂಡೇ ಬಂದಿದ್ದೀನಿ" ಎಂದಳು ತಂಗಿ.

ಅಕ್ಕ ನಿಂತಳು.

"ಹೋದ ವರ್ಷ. ನೀನು ಮಲಗಿದ್ದಾಗ. ಕೊನೇವರೆಗೂ ನಡೆದೆ."

ಒಂದು ಅಲೆ ಬಂದು ಅಕ್ಕನ ಬೂಟು ನೆನೆಸಿ ಹೋಯಿತು. ಅವಳು ಕಾಲು ತೆಗೆಯಲಿಲ್ಲ.

"ಒಬ್ಬಳೇನಾ?"

"ನಿನ್ನ ನಾದಿನಿ ಜೊತೆ."

"ಅವಳ ಜೊತೆ!" ಅಕ್ಕನ ದನಿ ಏರಿತು. "ನನ್ನ ಅಂಗಡೀಲಿ ಹೊಲಿಸಿಕೊಂಡ ಬ್ಲೌಸನ್ನ ಬೇರೆಯವರ ಹತ್ತಿರ ಬಿಚ್ಚಿಸಿ ಹೊಲಿಸ್ತಾಳಲ್ಲ, ಅವಳ ಜೊತೆ! ಬೇರೆ ಯಾರೂ ಸಿಗಲಿಲ್ಲವೇನೇ ನಿನಗೆ?" ಮತ್ತೆ ಸಣ್ಣ ದನಿಯಲ್ಲಿ, "ಆ ಫ್ಯಾನು?"

"ಕಡಲು."

ಅಕ್ಕ ಮರಳಿನಿಂದ ಮೇಲೆ ಬಂದು, ತಂಗಿ ಚಾಚಿದ ಕೈ ಹಿಡಿಯದೆ, ಮೆಟ್ಟಿಲು ಹತ್ತತೊಡಗಿದಳು. ಒಂದೊಂದು ಮೆಟ್ಟಿಲಿಗೂ ಮೊದಲು ಒಳ್ಳೆಯ ಕಾಲು, ಆಮೇಲೆ ಕೋಲು, ಆಮೇಲೆ ಆಪರೇಷನ್ನಿನ ಕಾಲು. ಬೈಗುಳ ಬರಲಿ ಎಂದು ತಂಗಿ ಕಾಯುತ್ತ ಹತ್ತಿದಳು. ಬಂದದ್ದು ಅಕ್ಕನ ಏದುಸಿರು ಮಾತ್ರ. ಅರ್ಧ ಹತ್ತಿದಾಗ ಕೆಳಗೆ ನೋಡಿದರೆ ಅವರು ನಿಂತಿದ್ದ ಮರಳೇ ಕಾಣುತ್ತಿರಲಿಲ್ಲ. ಅಕ್ಕನೂ ನೋಡಿದಳು, ನೋಡಿ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.

ನೆತ್ತಿಯ ಮೇಲೆ ದಾರಿ ಸಮವಾಯಿತು. ಮುಂದೆ ಕುರುಚಲು ಗಿಡಗಳ ನಡುವೆ ಒಂದು ತಿರುವು.

"ಬಂದರು ಅದರಾಚೆಗಾ?"

"ಹೌದು."

ಅಕ್ಕ ಬೆನ್ನಿನ ಚೀಲ ಇಳಿಸಿ ತಂಗಿಯ ಕಾಲ ಬುಡದಲ್ಲಿಟ್ಟಳು. "ನೀನು ಇಲ್ಲೇ ಕೂತ್ಕೋ. ನನ್ನ ಬಿಟ್ಟು ನೋಡಿದೆಯಲ್ಲ, ನಾನೂ ನಿನ್ನ ಬಿಟ್ಟು ನೋಡ್ತೀನಿ."

ತಂಗಿ ಕೂತಳು. ಕೋಲಿನ ಸದ್ದು ತಿರುವಿನಾಚೆ ನಿಂತುಹೋಯಿತು. ಅಲ್ಲಿ ಈಗ ಏನು ಕಾಣುತ್ತಿದೆಯೆಂದು ಅವಳಿಗೆ ಗೊತ್ತಿತ್ತು: ಕಡಲೊಳಗೆ ತೋಳು ಚಾಚಿದ ಕಲ್ಲುಕಟ್ಟೆ, ಉಪ್ಪಿನ ಗೋದಾಮುಗಳ ಸಾಲು, ಬಾಗಿಲಿಲ್ಲದ ಕಮಾನು. ಅದನ್ನು ನೋಡುವಾಗ ಅಕ್ಕನ ಮುಖ ಹೇಗಾಗುತ್ತದೆಂದು ಗೊತ್ತಿರಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ವರ್ಷವರ್ಷವೂ ತಾನು ನಡೆದು ಬಂದದ್ದು ಆ ಮುಖ ನೋಡಲಿಕ್ಕೇ ಎಂದು ಹೊಳೆದಾಗ ಅಳು ಬಂತು. ಕೇಳಿಸಬಾರದೆಂದು ಸೆರಗಿನ ತುದಿ ಕಚ್ಚಿಕೊಂಡಳು.

ಬಹಳ ಹೊತ್ತಾದ ಮೇಲೆ ಅತ್ತಲಿಂದ ಕೂಗು ಬಂತು. "ಬರ್ತೀಯೋ ಇಲ್ಲ ಅಲ್ಲೇ ಮನೆ ಕಟ್ತೀಯೋ? ಕೊನೇ ಬಸ್ಸು ತಪ್ಪುತ್ತೆ!"

ತಂಗಿ ಎರಡೂ ಚೀಲ ಹೊತ್ತು ತಿರುವು ದಾಟಿದಳು. ಅಕ್ಕ ಬಂದರಿಗೆ ಬೆನ್ನು ಮಾಡಿ ನಿಂತಿದ್ದಳು.

"ಹೇಗಿದೆ ಅಕ್ಕ?"

"ಹೇಳಲ್ಲ" ಎಂದು ಅಕ್ಕ ಇಳಿಜಾರಿಗೆ ತಿರುಗಿದಳು. ನಾಲ್ಕು ಹೆಜ್ಜೆ ಹೋಗಿ, ಹಿಂದೆ ನೋಡದೆಯೇ ಎಡಗೈ ಚಾಚಿದಳು. "ಇಳಿಜಾರು ಕಣೇ. ಹಿಡ್ಕೋ."