ಅಕ್ಕ ಕತ್ತರಿಸಿದ ರೇಸಾ ಪೊದೆಗಳು

ಪೊಲೋನಾ, ನೆಷ್ಕಾ ನಮ್ಮ ಪಕ್ಕದ ಮನೆಯ ಅಕ್ಕತಂಗಿಯರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸಾಕಿದ್ದೇ ಪೊಲೋನಾ. ತ್ರಜಿಚ್ ಪಟ್ಟಣದ ಬೂಟಿನ ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಅವಳು ಮನೆ ಮುಂದಿನ ಇಳಿಜಾರಿನ ತುಂಬ ರೇಸಾ ಬೆಳೆಸಿದಳು. ಮೊಣಕಾಲಿಗೂ ಬಾರದ ಪೊದೆ. ಊರೆಲ್ಲ ಹಿಮದಡಿ ಮಲಗಿದಾಗ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಅದನ್ನು ಸವರುವುದೇನಿದ್ದರೂ ವಸಂತದಲ್ಲಿ, ಈಸ್ಟರ್ ಹಬ್ಬದ ಹೊತ್ತಿಗೆ, ಹೂ ಬಾಡಿದ ಕೂಡಲೇ. ಬೇಸಿಗೆ ಕಳೆಯುವಷ್ಟರಲ್ಲಿ ಮುಂದಿನ ಮೊಗ್ಗು ಕಟ್ಟಿರುತ್ತದೆ. ಆಮೇಲೆ ನೆಷ್ಕಾ ಒಂದು ಕಡ್ಡಿ ಮುರಿದರೂ ಅಕ್ಕ ರೇಗುತ್ತಿದ್ದಳು.

ಅಕ್ಟೋಬರಿನ ಒಂದು ಮಧ್ಯಾಹ್ನ ನೆಷ್ಕಾ ಪೇಟೆಯಿಂದ ಬಂದಾಗ ಪೊಲೋನಾ ಕತ್ತರಿ ಹಿಡಿದು ಮಂಡಿಯೂರಿ ಕೂತಿದ್ದಳು. ಪೊದೆಗಳೆಲ್ಲ ಬುಡದ ಒಣ ಕಾಂಡದವರೆಗೆ ಬೋಳು. ನೆಲದ ಮೇಲೆ ಬಿದ್ದ ಕಡ್ಡಿಗಳ ತುಂಬ ಹಸಿರು ಮೊಗ್ಗು.

“ಅಕ್ಕಾ! ಏನ್ ಮಾಡ್ಬಿಟ್ಟೆ?”

“ಕಣ್ ಕಾಣ್ಸಲ್ವೇನೇ? ಹೂವೆಲ್ಲ ಬಾಡೋಯ್ತು, ಸವರ್ತಾ ಇದೀನಿ. ಈಸ್ಟರ್ ಹತ್ರ ಬಂತು, ಮೊಟ್ಟೆಗೆ ಬಣ್ಣ ತಂದ್ಯಾ?”

ಅಕ್ಕ ಒಲೆ ಆರಿಸಲು ಮರೆತದ್ದು, ನನ್ನನ್ನು ಬೇರೆ ಹೆಸರಿನಿಂದ ಕರೆದದ್ದು, ಎಲ್ಲವನ್ನೂ ನೆಷ್ಕಾ ಅಲ್ಲಿಯವರೆಗೆ ವಯಸ್ಸಿನ ತಲೆಗೆ ಕಟ್ಟಿದ್ದಳು. ಇದನ್ನು ಕಟ್ಟಲಾಗಲಿಲ್ಲ. ಈ ಮರೆವು ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ ಎಂದರು ಡಾಕ್ಟರು.

ಜನವರಿಯಲ್ಲಿ ಎಲ್ಲರ ಅಂಗಳದಲ್ಲೂ ರೇಸಾ ಹೂ ಬಂತು. ಪೊಲೋನಾ ಕಿಟಕಿಯ ಬಳಿ ನಿಂತು ಚೀರಿದಳು: “ನನ್ ಗಿಡ ಎಲ್ಲೇ? ಯಾರೇ ಕಡಿದೋರು?”

“ನೀನೇ ಅಕ್ಕಾ,” ಅಂದುಬಿಟ್ಟಳು ನೆಷ್ಕಾ.

ಪೊಲೋನಾ ತನ್ನ ಕೈಗಳನ್ನೇ ನೋಡಿದಳು. ಆಮೇಲೆ ರಕ್ತ ಬರುವವರೆಗೆ ಅವನ್ನು ಗೋಡೆಗೆ ಬಡಿದುಕೊಂಡಳು.

ಮರುದಿನ ಮತ್ತೆ ಅದೇ ಪ್ರಶ್ನೆ. “ನಾನೇ ಕಡ್ದಿದ್ದು ಅಕ್ಕಾ. ಗೊತ್ತಾಗ್ಲಿಲ್ಲ,” ಅಂದಳು ನೆಷ್ಕಾ.

“ಕಟುಕಿ! ನಿನ್ನ ಎತ್ತಿ ಆಡ್ಸಿದ್ದಕ್ಕೆ ಇದೇನೇ ನೀ ಮಾಡೋದು?”

ಚಳಿಗಾಲ ಪೂರ್ತಿ ಬೆಳಗಾದರೆ ಇದೇ ಬೈಗುಳ. ಕೇಳಲಾರದೆ ನಾನೇ ಒಂದು ದಿನ ಹೇಳಿದೆ: “ಕಿಟಕಿಗೆ ಪರದೆ ಎಳೆದ್ಬಿಡೇ.”

“ಬೈಲಿ ಬಿಡು. ಬೈಯೋವಾಗಾದ್ರೂ ನಾನ್ಯಾರು ಅಂತ ಗೊತ್ತಿರುತ್ತೆ ಅವಳಿಗೆ.”

ಹಿಮ ಕರಗಿತು. ನಾವಿಬ್ಬರೂ ಕಾಂಡಗಳನ್ನು ಉಗುರಿನಿಂದ ಕೆರೆದು ನೋಡಿದೆವು. ಒಳಗೂ ಕಂದು; ಒಂದರಲ್ಲೂ ಹಸಿರಿಲ್ಲ. ನೆಷ್ಕಾ ಒಂದೊಂದಾಗಿ ಕೀಳತೊಡಗಿದಳು. ಕಿಟಕಿ ತೆರೆಯಿತು. ಇವತ್ತೂ ಬೈಗುಳ ಬರುತ್ತದೆಂದು ಇಬ್ಬರೂ ತಲೆಯೆತ್ತಿದೆವು.

“ಚಳಿ ಇದೆಯಲ್ಲಮ್ಮಾ,” ಅಂದಳು ಪೊಲೋನಾ, ತುಂಬ ಮರ್ಯಾದೆಯಿಂದ. “ನೀವು ಯಾರ ಮನೆಯೋರು? ನಮ್ ನೆಷ್ಕಾ ಸ್ಕೂಲಿಂದ ಇನ್ನೂ ಬಂದಿಲ್ಲ, ದಾರೀಲಿ ಕಂಡ್ಳಾ?”

ನೆಷ್ಕಾ ಕೈಲಿದ್ದ ಬೇರನ್ನು ಕೆಳಗಿಟ್ಟಳು.

“ಇಲ್ಲಮ್ಮಾ,” ಅಂದಳು. “ಕಾಣ್ಲಿಲ್ಲ.”